ಕೊಡೆ ಕಂಪನಿಯ ಸೀನು

ಮಾರ್ಚ್ ೩, ಸೋಮವಾರ

ಎಲ್ಲರೂ ಕ್ಷೇಮವೇ? ತಮ್ಮನ ರಕ್ತದೊತ್ತಡ ಇಳಿದಿದೆಯೇ, ಅವನ ಹೆಂಡತಿಯ ಸೊಂಟ ಹಿಡಿದದ್ದು ಬಿಟ್ಟಿತೇ, ಅವರ ಮಗಳು ಚಿಟ್ಟೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳೆಯೇ, ನಮ್ಮ ಕಿವಿಯಣ್ಣನಿಗೆ ಎಡಗಿವಿ ಈಗಲಾದರೂ ಕೇಳುತ್ತಿದೆಯೇ?

ದಿನಚರಿ ಬರೆಯೋಣವೆಂದು ಕೂತರೂ ಕೈ ಕಾಗದದ ದಾರಿಯನ್ನೇ ಹಿಡಿಯಿತು. ಶಾಲೆಯಲ್ಲಿ ನಾನು ಕಲಿತದ್ದು ಅಷ್ಟಕ್ಕಷ್ಟೆ. ಅಕ್ಷರ ಕೂಡಿಸಲು ಬಂದ ಮೇಲೆ ಮೊದಲು ಬರೆದದ್ದು ಬಂಧುಬಳಗಕ್ಕೆ ಕಾಗದ, ಆಮೇಲೆ ಬರೆದದ್ದು ಟೀವಿಯವರಿಗೆ ಮಾತು. ನನ್ನೊಬ್ಬಳಿಗೇ ಅಂತ ಯಾವತ್ತೂ ಬರೆದದ್ದಿಲ್ಲ. ಓದುವವರು ಇಲ್ಲವಾದ್ದರಿಂದ ಉತ್ತರವನ್ನೂ ನಾನೇ ಬರೆದುಕೊಳ್ಳುತ್ತೇನೆ: ಎಲ್ಲರೂ ಕ್ಷೇಮ, ನನ್ನ ಮಂಡಿ ಒಂದನ್ನು ಬಿಟ್ಟು.

ಇವತ್ತು ಚಿಟ್ಟೆ ಫೋನ್ ಮಾಡಿದ್ದಳು. ಈಗ ಕಂಪನಿಯನ್ನು ನೋಡಿಕೊಳ್ಳುತ್ತಿರುವವಳು ಅವಳೇ. ನಮ್ಮ ಕಂಪನಿಯನ್ನು ಯಾವುದೋ ದೊಡ್ಡ ಚಾನೆಲ್ಲು ಕೊಂಡುಕೊಳ್ಳುತ್ತದಂತೆ. ಹಳೆಯ ಹಾಸ್ಯ ಧಾರಾವಾಹಿಗಳನ್ನೆಲ್ಲ ಅವರು ಮತ್ತೆ ತೋರಿಸುತ್ತಾರಂತೆ. ಅದಕ್ಕೂ ಮೊದಲು ಕಂಪನಿಯ ಇತಿಹಾಸ ಅಂತ ಒಂದು ಚಂದದ ಪುಸ್ತಕ ತರಬೇಕಂತೆ.

“ಅತ್ತೆ, ಅದನ್ನ ನೀವೇ ಬರೀಬೇಕು. ಅಪ್ಪಂಗೆ ನಿನ್ನೆದೇ ನೆನಪಿರಲ್ಲ.”

“ಅವನಿಗೆ ಬೇಕಾದ್ದು ನೆನಪಿರುತ್ತೆ ಕಣೆ. ಬರೆಯೋದು ಆಗಲ್ಲ ಅಷ್ಟೆ.”

ಅವಳು ನಕ್ಕಳು. ನಾನೂ ನಕ್ಕೆ. ಒಪ್ಪಿಕೊಂಡೆ. ಪೆನ್ನಿಗೆ ಹೊಸ ರೀಫಿಲ್ಲು ಹಾಕಿದ್ದೇನೆ.

ಮಾರ್ಚ್ ೬, ಗುರುವಾರ

ಎರಡು ಪುಟ ಆಯಿತು. ಕಂಪನಿಗೆ ಹೆಸರು ಬಂದ ಕಥೆ ಬರೆದೆ.

ಆಗ ನಾವಿದ್ದದ್ದು ಬೀಗ ರಿಪೇರಿ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ. ತಮ್ಮನ ತಲೆ ತುಂಬ ಟೀವಿ. ಜೇಬಿನಲ್ಲಿ ಬಸ್ಸಿನ ಚೀಟಿ ಬಿಟ್ಟರೆ ಬೇರೇನಿಲ್ಲ. ಕ್ಯಾಮೆರಾ ಬಾಡಿಗೆಗೆ ಕೇಳಿದರೆ ಕೊಡುವುದಿಲ್ಲ ಅಂದರು. ದೀಪ ಕೇಳಿದರೆ ಕೊಡುವುದಿಲ್ಲ. ಮೇಜು, ಕುರ್ಚಿ, ಒಂದು ದಿನದ ಮಟ್ಟಿಗೆ ಒಂದು ಮೆಟ್ಟಿಲು, ಯಾರೂ ಕೊಡಲಿಲ್ಲ. ಒಂದು ಸಂಜೆ ಜೋಲು ಮೋರೆ ಹಾಕಿಕೊಂಡು ಬಂದು, “ಕಂಪನಿಗೆ ಹೆಸರೇನಕ್ಕ ಇಡೋದು? ನೋಂದಣಿಗೆ ಬೇಕಂತೆ” ಎಂದ.

ನಾನು ಪರದೆಗೆ ಅಂಚು ಹೊಲಿಯುತ್ತಿದ್ದೆ. “ಕೊಡೆ ಅಂತಿಡು,” ಎಂದೆ. “ಎಲ್ಲರೂ ನಮಗೆ ಹೇಳೋ ಮಾತನ್ನ ನಾವೇ ಮೊದಲು ಹೇಳಿದ ಹಾಗಾಗುತ್ತೆ.”

ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. ಹಳೆಯ ಮಾತಿನಲ್ಲಿ ‘ನಾ ಕೊಡೆ’ ಎಂದರೆ ನಾನು ಕೊಡುವುದಿಲ್ಲ ಅಂತ. ತಿಳಿದಾಗ ನೆಲದ ಮೇಲೆ ಬಿದ್ದು ನಕ್ಕ. ಬೀಗದ ಅಂಗಡಿಯವನು ಏನಾಯಿತೋ ಎಂದು ಬಾಗಿಲು ಬಡಿದ. ಮರುದಿನ ನೋಂದಣಿಯಾಯಿತು. ನೋಡಿದವರೆಲ್ಲ ಛತ್ರಿ ಎಂದುಕೊಂಡರು. ಎದುರು ಬೀದಿಯಲ್ಲಿ ಬೋರ್ಡು ಬರೆಯುವವನು ಒಂದು ಛತ್ರಿಯನ್ನೇ ಬರೆದುಕೊಟ್ಟ. ನಾವಿಬ್ಬರೂ ಯಾರಿಗೂ ಬಿಡಿಸಿ ಹೇಳಲಿಲ್ಲ. ಅದು ಅಕ್ಕ ತಮ್ಮಂದಿರ ಒಳಗಿನ ತಮಾಷೆಯಾಗಿ ಉಳಿಯಿತು.

ಪುಸ್ತಕಕ್ಕೆ ಇದನ್ನು ಹಾಕಬಹುದೋ ಬಾರದೋ. ಹಾಕಿದ್ದೇನೆ.

ಮಾರ್ಚ್ ೯, ಭಾನುವಾರ

ಕಿವಿಯಣ್ಣ ಬಂದಿದ್ದ. ನಮ್ಮ ಕಂಪನಿಯಲ್ಲಿ ಮೊದಲಿನಿಂದ ಕೊನೆತನಕ ಶಬ್ದ ಹಿಡಿದವನು ಅವನು. ಈಗ ಅವನಿಗೆ ಕೇಳಿಸುವುದು ಅರ್ಧ, ಉಳಿದರ್ಧ ಊಹೆ.

“ಸೀನಿನ ಕಥೆ ಬರೆದ್ರಾ ಅಕ್ಕಾ?”

“ಬರೀತಾ ಇದ್ದೀನಿ. ತಪ್ಪು ಯಾರದ್ದು ಅಂತ ಬರೀಲಿ?”

“ನಿಮ್ಮ ತಮ್ಮಂದು ಅಂತ ಬರೀರಿ. ಅವರ ಅಕ್ಷರಕ್ಕೆ ಕಾಲಿದ್ರೆ ತಲೆಯಿಲ್ಲ.”

ನಡೆದದ್ದು ಹೀಗೆ. ‘ಒಂದೇ ಮೆಟ್ಟಿಲು’ ನಮ್ಮ ಮೊದಲ ಧಾರಾವಾಹಿ. ಮೇಲಿನ ಮನೆಗೂ ಕೆಳಗಿನ ಮನೆಗೂ ಸೇರಿ ಒಂದೇ ಮೆಟ್ಟಿಲು, ಎರಡು ಸಂಸಾರದ ಜಗಳ. ಮೊದಲ ಕಂತು ಮುಗಿದು ಕೊಡೆಯ ಚಿತ್ರ ಬಂದ ಮೇಲೆ ಒಂದು ಚಿಕ್ಕ ದೃಶ್ಯ ಹಾಕಬೇಕೆಂದು ತಮ್ಮನ ಆಸೆ. ಊರಿಗೆ ಹೋಗುವ ಅವಸರದಲ್ಲಿ ಕಿವಿಯಣ್ಣನಿಗೆ ಚೀಟಿ ಬರೆದಿಟ್ಟ: ‘ಕೊಡೆ ಆದ ಮೇಲೆ ಕೊನೆಗೆ ಒಂದು ಸೀನು. ಮರೆಯಬೇಡ.’

ಕಿವಿಯಣ್ಣ ಅದನ್ನು ಓದಿ ಸೀನುವವರನ್ನು ಹುಡುಕಿದ. ಛತ್ರಿ ಅಂದ ಮೇಲೆ ಮಳೆ, ಮಳೆ ಅಂದ ಮೇಲೆ ನೆಗಡಿ, ಸರಿಯಾಗಿಯೇ ಇದೆ ಎಂದುಕೊಂಡನಂತೆ. ಇದ್ದಬದ್ದವರಿಂದೆಲ್ಲ ಸೀನಿಸಿದ. ಮೇಲಿನ ಮನೆಯ ಮಾವನ ಪಾತ್ರದವರು ಸೀನಿದ್ದು ಗುಡುಗಿದಂತಿತ್ತಂತೆ, ಕೆಳಗಿನ ಮನೆ ಸೊಸೆಯದು ಬೆಕ್ಕಿನ ಮರಿ ಕೂಗಿದಂತೆ. ಅಷ್ಟರಲ್ಲಿ ನಾನು ಪರದೆ ಕೊಡವಲು ಹೋಗಿ, ಧೂಳು ಮೂಗಿಗೇರಿ, ತಡೆಯಲು ನೋಡಿ ತಡೆಯಲಾರದೆ, ಅರ್ಧ ನುಂಗಿ ಅರ್ಧ ಬಿಟ್ಟು ಸೀನಿದೆ. ಕೊನೆಯಲ್ಲಿ ನಾಚಿಕೆಗೆ ‘ಅಯ್ಯೋ’ ಅಂದದ್ದೂ ಸೇರಿಕೊಂಡಿತು. ಕಿವಿಯಣ್ಣನ ಯಂತ್ರ ಓಡುತ್ತಿತ್ತು.

ತಮ್ಮ ವಾಪಸು ಬರುವುದರೊಳಗೆ ಕಂತು ಪ್ರಸಾರವಾಗಿಹೋಗಿತ್ತು. ಅವನು ಕಿವಿಯಣ್ಣನನ್ನು ಹೊಡೆಯಲು ಹೋದ. ಆದರೆ ಬೀದಿಯ ಮಕ್ಕಳೆಲ್ಲ ಸೀನಿ ‘ಅಯ್ಯೋ’ ಅನ್ನುತ್ತಿದ್ದವು. ಬೋರ್ಡಿನವನು ಇನ್ನೆರಡು ಚಿತ್ರ ಬರೆದ. ಸೀನಿದ ಗಾಳಿಗೆ ಛತ್ರಿ ಮೇಲುಮುಖವಾಗಿ ಮಗುಚಿಕೊಳ್ಳುವಂತೆ ಮಾಡಿದ. ಅಲ್ಲಿಂದ ಮುಂದೆ ನಮ್ಮ ಪ್ರತಿಯೊಂದು ಧಾರಾವಾಹಿಯ ಪ್ರತಿಯೊಂದು ಕಂತಿನ ಕೊನೆಗೂ ಅದೇ ಛತ್ರಿ, ಅದೇ ಸೀನು, ಅದೇ ಅಯ್ಯೋ.

“ಇದೆಲ್ಲ ಹಾಕ್ತಾರಾ ಅಕ್ಕಾ?”

“ನಮ್ಮ ಚಿಟ್ಟೆ ಕಣೋ. ಹಾಕದೆ ಏನ್ಮಾಡ್ತಾಳೆ?”

ಮಾರ್ಚ್ ೧೫, ಶನಿವಾರ

ಚಿಟ್ಟೆ ಬಂದಿದ್ದಳು. ಬರುವಾಗ ಹಣ್ಣು ತಂದಿದ್ದಳು. ಹಣ್ಣು ತಂದದ್ದು ನೋಡಿಯೇ ನನಗೆ ಅನುಮಾನ ಬಂತು; ಅವಳು ಬರಿಗೈಲಿ ಬಂದು ನನ್ನ ಡಬ್ಬಿ ಹುಡುಕುವ ಹುಡುಗಿ.

“ಅತ್ತೆ, ನೀವು ಬರೆದು ಕಳಿಸಿದ್ದು ಎಲ್ಲರಿಗೂ ತುಂಬಾ ಇಷ್ಟ ಆಯ್ತು. ಒಂದೇ ಒಂದು ಚಿಕ್ಕ ತೊಂದರೆ. ನೀವು ಎಲ್ಲಾ ಕಡೆ ‘ನಾವು’ ಅಂತ ಬರೆದಿದ್ದೀರಾ. ನಾವು ಹೆಸರಿಟ್ಟೆವು, ನಾವು ಬರೆದೆವು, ನಾವು ಚಿತ್ರ ಮಾಡಿಸಿದೆವು. ಓದೋರಿಗೆ ಯಾರು ‘ನಾವು’ ಅಂತ ಗೊತ್ತಾಗಲ್ಲ.”

“ಅಕ್ಕ ತಮ್ಮ ಅಂತ ಮೊದಲನೇ ಸಾಲಲ್ಲೇ ಬರೆದಿದ್ದೀನಲ್ಲ.”

“ಅದೇ. ಅದಕ್ಕೆ ಪುಸ್ತಕ ಮಾಡೋರು ಕಂಪ್ಯೂಟರಲ್ಲಿ ಒಂದೇ ಏಟಿಗೆ ಎಲ್ಲಾ ‘ನಾವು’ನೂ ‘ಅವರು’ ಮಾಡಿದ್ರು. ಅವರು ಅಂದ್ರೆ ಅಪ್ಪ. ಗೌರವಕ್ಕೆ.”

ತೋರಿಸಿದಳು. ಅವರು ಹೆಸರಿಟ್ಟರು. ಅವರು ಬರೆದರು. ಕಂಪ್ಯೂಟರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಂದು ಕಡೆ ‘ಅವರ ಮಂಡಿ ನೋವಿನ ನಡುವೆಯೂ ಅವರು ಪರದೆ ಹೊಲಿದರು’ ಎಂದಾಗಿದೆ. ನನ್ನ ತಮ್ಮ ಸೂಜಿಗೆ ದಾರ ಪೋಣಿಸಿದ್ದನ್ನು ಈ ಜನ್ಮದಲ್ಲಿ ಕಂಡಿಲ್ಲ. ನಕ್ಕೆ. ಅದನ್ನಾದರೂ ಹಾಗೇ ಬಿಡಿ ಎಂದೆ.

“ತೆಗೀತೀವಿ ಅತ್ತೆ, ತಪ್ಪಾಗಿದೆ,” ಎಂದಳು.

ನಮ್ಮ ಹುಡುಗಿ ಒಳ್ಳೆಯವಳು. ಕೆಲಸದ ಒತ್ತಡ.

ಮಾರ್ಚ್ ೧೬, ಭಾನುವಾರ

ಹಣ್ಣು ಹುಳಿ.

ಮಾರ್ಚ್ ೨೨, ಶನಿವಾರ

ಆಫೀಸಿಗೆ ಹೋಗಿದ್ದೆ. ಲಿಫ್ಟಿನ ಎದುರು ಗೋಡೆಯ ತುಂಬ ನಮ್ಮ ಛತ್ರಿ. ಅದರ ಕೆಳಗೆ ಪುಸ್ತಕದಲ್ಲಿ ಬರುವ ಕಥೆಯನ್ನು ದಪ್ಪಕ್ಷರದಲ್ಲಿ ಅಂಟಿಸಿದ್ದಾರೆ. ನಿಂತು ಓದಿದೆ.

ಸಂಸ್ಥಾಪಕರು ಒಮ್ಮೆ ಜಡಿಮಳೆಯಲ್ಲಿ ಒಬ್ಬರೇ ನಡೆದು ಬರುತ್ತಿದ್ದರಂತೆ. ಗಾಳಿಗೆ ಕೊಡೆ ಮಗುಚಿತಂತೆ. ತೊಯ್ದು ಸೀನಿದರಂತೆ. ಆ ಕ್ಷಣದಲ್ಲಿ ಬದುಕಿನ ಕಷ್ಟವನ್ನು ನಗುವಾಗಿಸುವ ಕಲ್ಪನೆ ಹೊಳೆಯಿತಂತೆ.

ಅವನು ಮಳೆ ಬಂದರೆ ಮನೆ ಬಿಟ್ಟು ಕದಲುವವನಲ್ಲ. ಛತ್ರಿ ಹಿಡಿದರೆ ಮುದುಕನಂತೆ ಕಾಣುತ್ತೇನೆ ಎಂದು ವಯಸ್ಸಿನಲ್ಲೂ ಹಿಡಿಯಲಿಲ್ಲ, ವಯಸ್ಸಾದ ಮೇಲೂ ಹಿಡಿಯಲಿಲ್ಲ.

ಕೆಳಗೆ ಧಾರಾವಾಹಿಗಳ ಹೆಸರು, ಪಾತ್ರಧಾರಿಗಳ ಹೆಸರು. ಬೋರ್ಡು ಬರೆದವನ ಹೆಸರೂ ಇದೆ, ಅದು ಸಂತೋಷವೇ. ಕಥೆ ಸಂಭಾಷಣೆ ಎಂಬಲ್ಲಿ ಹಿಂದೆಲ್ಲ ‘ಕೊಡೆ ಬಳಗ’ ಎಂದು ಬರುತ್ತಿತ್ತು. ಶುರುವಿನಲ್ಲಿ ತಮ್ಮನೇ ಹೇಳಿದ್ದ, ಬಳಗ ಅಂದರೆ ದೊಡ್ಡ ಕಂಪನಿಯಂತೆ ಕಾಣುತ್ತದೆ ಅಂತ. ನನಗೂ ಸರಿ ಅನ್ನಿಸಿತ್ತು. ಆ ಬಳಗ ಅಂದರೆ ಒಲೆಯ ಮುಂದೆ ಕೂತ ನಾನೊಬ್ಬಳೇ. ಬಳಗಕ್ಕೆ ಹುಷಾರಿಲ್ಲದಿದ್ದರೆ ಆ ವಾರ ಕಂತಿಲ್ಲ. ಈಗ ಗೋಡೆಯ ಮೇಲೆ ಆ ಬಳಗವೂ ಇಲ್ಲ. ರಚನೆ, ನಿರ್ದೇಶನ ಎರಡೂ ತಮ್ಮನದೇ.

ಬಾಗಿಲ ಬಳಿ ಕೂತ ಹುಡುಗಿ ಯಾರು ಬೇಕಿತ್ತು ಎಂದು ಕೇಳಿದಳು. ಯಾರೂ ಬೇಡ ಎಂದೆ. ಮೆಟ್ಟಿಲಲ್ಲೇ ಇಳಿದೆ. ಮಂಡಿ ನೋವು ಜಾಸ್ತಿಯಾಗಿದೆ.

ಮಾರ್ಚ್ ೨೯, ಶನಿವಾರ

ಚಾನೆಲ್ಲಿನ ವಕೀಲರು ಮನೆಗೇ ಬಂದರು. ನನ್ನ ಮನೆಗೆ ವಕೀಲರು! ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಕೂರಿಸಿದೆ. ಚಹಾ ಬೇಡ ಎಂದರು, ಕೊಟ್ಟ ಮೇಲೆ ಎರಡು ಲೋಟ ಕುಡಿದರು.

“ಅಮ್ಮಾ, ಆ ಲಾಂಛನದಲ್ಲಿ ಬರೋ ಸೀನು ನಿಮ್ಮದೇನಾ?”

“ನನ್ನ ಮೂಗಿಂದೇ ಬಂದಿದ್ದು.”

“ಅಯ್ಯೋ ಅನ್ನೋದು?”

“ಅದು ಬಾಯಿಂದ.”

ನಗಲಿಲ್ಲ, ಬರೆದುಕೊಂಡರು. ಚಾನೆಲ್ಲಿನವರಿಗೆ ಸೀನು ಬೇಕೇ ಬೇಕಂತೆ. ಜನ ಛತ್ರಿ ಮರೆತರೂ ಸೀನು ಮರೆತಿಲ್ಲವಂತೆ. ಆದರೆ ಅದು ಯಾರದೋ ಅವರ ಒಪ್ಪಿಗೆ ಇಲ್ಲದೆ ಕೊಂಡುಕೊಳ್ಳುವ ಹಾಗಿಲ್ಲವಂತೆ.

“ಹೋಲಿಸಿ ನೋಡೋಕೆ ಬೇಕು, ಈಗೊಮ್ಮೆ ಸೀನ್ತೀರಾ?”

“ಅದು ಕರೆದರೆ ಬರೋ ನೆಂಟ ಅಲ್ಲ ಸ್ವಾಮಿ.”

ಒಂದು ಒಪ್ಪಿಗೆ ಪತ್ರ ಇಟ್ಟು ಹೋದರು. ನಿಧಾನವಾಗಿ ಓದಿ ತುಂಬಿ ಕಳಿಸಿ ಎಂದರು. ಓದಿದೆ. ಅದರಲ್ಲಿ ನನ್ನ ಹೆಸರು ಅಚ್ಚಾಗಿದೆ. ಹೆಸರಿನ ಮುಂದೆ ‘ಶಬ್ದ ಒದಗಿಸಿದವರು’ ಎಂದಿದೆ.

ಇಷ್ಟು ವರ್ಷ ಮಾತು ಒದಗಿಸಿದೆ. ಮೇಲಿನ ಮನೆಯ ಮಾವ ಸಾಯುವ ಕಂತಿನಲ್ಲಿ ಊರೆಲ್ಲ ನಗುತ್ತಲೇ ಅತ್ತದ್ದು ನನ್ನ ಮಾತಿಗೆ. ಅದಕ್ಕೆ ಹೆಸರು ಬರಲಿಲ್ಲ. ಒಂದು ಸಲ ಸೀನಿದೆ, ಅದಕ್ಕೆ ಬಂತು.

ತಮ್ಮನಿಗೆ ಫೋನ್ ಮಾಡಿ ಮನೆಗೆ ಬಾ ಎಂದೆ.

ಏಪ್ರಿಲ್ ೨, ಬುಧವಾರ

ಬಂದಿದ್ದ. ಇಳಿದುಹೋಗಿದ್ದಾನೆ. ಕಾಲರಿನೊಳಗೆ ಕತ್ತು ಸಡಿಲವಾಗಿ ಆಡುತ್ತದೆ. ಮಾತ್ರೆ ತಗೊಂಡೆಯಾ ಎಂದು ಕೇಳಿದೆ. ತಗೊಂಡೆ ಎಂದ. ನಾನೇ ಶುರು ಮಾಡಿದೆ.

“ಸೀನು ಕೊಡ್ತೀನಿ ಕಣೋ. ನಂಗೇನೂ ಅಭ್ಯಂತರ ಇಲ್ಲ. ‘ಬರೆದವರು’ ಅಂತ ನನ್ನ ಹೆಸರು ಹಾಕ್ಸು. ಅಷ್ಟೆ.”

“ಅಕ್ಕ, ಬಳಗ ಅಂದ್ರೆ ನೀನೇ ಅಂತ ನಂಗೊತ್ತಿಲ್ವಾ?”

“ನಿಂಗೊತ್ತು. ಗೋಡೆಗೆ ಗೊತ್ತಿಲ್ಲ.”

“ಕರಾರು ಆಗೋಗಿದೆ. ಎಲ್ಲಾ ನಾನೇ ಬರೆದಿದ್ದು ಅಂತ ಸಹಿ ಮಾಡಿದ್ದೀನಿ. ಇನ್ನೊಬ್ಬರ ಹೆಸರು ಬಂದ್ರೆ ಮತ್ತೆ ಮೊದಲಿಂದ. ಅವರು ಕೈ ಬಿಡ್ತಾರೆ. ಚಿಟ್ಟೆ ಗತಿ ಏನು ಹೇಳು? ನನ್ನ ಆರೋಗ್ಯ ನೋಡ್ತಿದ್ದೀಯಲ್ಲ.”

“ಸಹಿ ಮಾಡೋ ಮುಂಚೆ ಒಂದು ಮಾತು ಕೇಳ್ಬಹುದಿತ್ತು.”

“ಕೇಳಿದ್ರೆ ನೀನು ಬೇಡ ಅಂತಿರ್ಲಿಲ್ಲ. ನಂಗೊತ್ತಿತ್ತು.”

ಅವನು ಹೇಳಿದ್ದು ನಿಜ. ಕೇಳಿದ್ದರೆ ಬೇಡ ಅನ್ನುತ್ತಿರಲಿಲ್ಲ.

“ಯಾರ ಹೆಸರಾದರೇನಕ್ಕ, ಮನೇಲೇ ತಾನೇ ಇರೋದು,” ಎಂದ.

“ಹಾಗಿದ್ರೆ ನನ್ನದೇ ಇರ್ಲಿ. ಅದೂ ಮನೇದೇ ತಾನೇ.”

ಮೊದಲೆಲ್ಲ ಇಂಥ ಮಾತಿಗೆ ನಗುತ್ತಿದ್ದ. ಎದ್ದು ನಿಂತ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ಪುಸ್ತಕದ ಬಿಡುಗಡೆ ದಿನ ನಾನು ನಾಲ್ಕು ಮಾತಾಡ್ಬೇಕಂತೆ. ಬರೆದಿಡ್ತೀಯಾ? ಚಿಕ್ಕದಾಗಿ ಸಾಕು,” ಎಂದ.

ತಮಾಷೆಗೆ ಹೇಳಿದ ಎಂದುಕೊಂಡು ಮುಖ ನೋಡಿದೆ. ತಮಾಷೆಗೆ ಅಲ್ಲ.

ಏಪ್ರಿಲ್ ೪, ಶುಕ್ರವಾರ

ಒಪ್ಪಿಗೆ ಪತ್ರ ತುಂಬಿ ಕಳಿಸಿದೆ. ‘ನನ್ನ ಒಪ್ಪಿಗೆ’ ಎಂದು ಅಚ್ಚಾದ ಕಡೆ ಖಾಲಿ ಬಿಟ್ಟ ಜಾಗದಲ್ಲಿ ದೊಡ್ಡದಾಗಿ ಒಂದೇ ಮಾತು ಬರೆದೆ: ಕೊಡೆ. ಬರೆದದ್ದಕ್ಕೆಲ್ಲ ಕೆಳಗೆ ಸಹಿ ಹಾಕುವುದು ಕಾಗದದ ಅಭ್ಯಾಸ. ಸಹಿಯನ್ನೂ ಹಾಕಿದೆ.

ಬಹಳ ದಿನದ ಮೇಲೆ ಒಂದು ಒಳ್ಳೆಯ ಮಾತು ಬರೆದ ಹಾಗಾಯಿತು. ಅವನು ಓದಿದರೆ ಸಾಕು, ಅವನಿಗೆ ತಿಳಿಯುತ್ತದೆ. ಬೇರೆ ಯಾರಿಗೂ ತಿಳಿಯುವುದಿಲ್ಲ. ಒಬ್ಬಳೇ ಕೂತು ನಕ್ಕೆ. ಕೆಳಗಿನ ಮನೆಯಾಕೆ ಬಂದು ಏನಾಯಿತು ಎಂದು ಕೇಳಿದಳು.

ಏಪ್ರಿಲ್ ೧೧, ಶುಕ್ರವಾರ

ಚಿಟ್ಟೆಯ ಫೋನು.

“ಅತ್ತೆ, ನೀವು ಒಪ್ಪಿದ್ರಲ್ಲ, ಎಷ್ಟು ಸಮಾಧಾನ ಆಯ್ತು ಗೊತ್ತಾ. ಎಲ್ಲಾ ಮುಗೀತು. ಚಾನೆಲ್ಲಿನವರು ನಿನ್ನೆ ಸಹಿ ಮಾಡಿದ್ರು.”

“ನಾನೆಲ್ಲೇ ಒಪ್ಪಿದೆ?”

“ಪತ್ರ ಕಳಿಸಿದ್ರಲ್ಲ. ನೀವು ಸಂಸ್ಥೆ ಹೆಸರನ್ನ ಬೇರೆ ಸಾಲಲ್ಲಿ ಬರೆದುಬಿಟ್ಟಿದ್ರಿ. ವಕೀಲರು ಇದೇನು ಅಂತ ಅಪ್ಪನ್ನ ಕೇಳಿದ್ರು. ಅಪ್ಪ ಹೇಳಿದ್ರು, ಕಂಪನಿ ಹೆಸರು, ಅಕ್ಕನಿಗೆ ಕಣ್ಣು ಮಂಜು, ಸಾಲು ತಪ್ಪಿದೆ ಅಂತ. ಸಹಿ ಇತ್ತಲ್ಲ, ಆಯ್ತು.”

ನಾನು ಕೇಳಿದೆ, ಅಪ್ಪ ಅದನ್ನ ಸರಿಯಾಗಿ ಓದಿದನೇ ಅಂತ.

“ಓದಿದ್ರು ಅತ್ತೆ. ಕೈಲಿ ಹಿಡ್ಕೊಂಡು ಸುಮಾರು ಹೊತ್ತು ನೋಡ್ತಾ ಇದ್ರು. ಆಮೇಲೆ ನಕ್ಕಿದ್ದೇನು ಅಂತೀರಿ, ಕಣ್ಣಲ್ಲಿ ನೀರು ಬರೋ ಹಾಗೆ. ಅಪ್ಪ ಹಾಗೆ ನಕ್ಕು ಎಷ್ಟು ವರ್ಷ ಆಗಿತ್ತೋ.”

ಫೋನ್ ಇಟ್ಟೆ.

ಏಪ್ರಿಲ್ ೧೨, ಶನಿವಾರ

ಅವನಿಗೆ ತಿಳಿಯಿತು. ತಿಳಿದೂ ಹಾಗೆ ಹೇಳಿದ.

ಏಪ್ರಿಲ್ ೧೩, ಭಾನುವಾರ

ಬೆಳಗ್ಗೆ ಕಿವಿಯಣ್ಣ ಬಂದ. ಎಲ್ಲವನ್ನೂ ಕೂಗಿ ಕೂಗಿ ಹೇಳಿದೆ. ಬೀದಿಗೂ ಕೇಳಿರಬೇಕು, ಕೇಳಲಿ.

“ಎಂಥ ಒಳ್ಳೆ ಮಾತು ಬರೆದ್ರಿ ಅಕ್ಕಾ,” ಎಂದ. “ಇನ್ನೊಂದು ಬರೀರಿ, ಇದಕ್ಕಿಂತ ಚುರುಕಾಗಿ ಇರ್ಲಿ.”

“ಇಲ್ಲ,” ಎಂದೆ. “ಮೊಂಡಾಗಿ ಬರೀತೀನಿ.”

ಅವನಿಗೆ ಕೇಳಿಸಲಿಲ್ಲವೋ ಏನೋ, ತಲೆಯಾಡಿಸಿದ.

ಮಧ್ಯಾಹ್ನ ಕೂತು ಎರಡು ಕಾಗದ ಬರೆದೆ. ಮೊದಲನೆಯದು ವಕೀಲರಿಗೆ. ಅದನ್ನು ಕಿವಿಯಣ್ಣನೇ ಜೊತೆಗೆ ಬಂದು ಅಂಚೆಗೆ ಹಾಕಿಸಿದ. ಅದರಲ್ಲಿದ್ದದ್ದು ಇಷ್ಟೇ:

‘ಮೊನ್ನೆ ನಿಮ್ಮ ಪತ್ರದಲ್ಲಿ ನಾನು ಬರೆದದ್ದು ಸಂಸ್ಥೆಯ ಹೆಸರಲ್ಲ. ನನ್ನ ಧ್ವನಿಯನ್ನು ನಾನು ಕೊಡುವುದಿಲ್ಲ. ಕೊಡೆ ಕಂಪನಿಯ ಧಾರಾವಾಹಿಗಳ ಮಾತುಗಳನ್ನು ಬರೆದವಳು ನಾನು. ಇದರಲ್ಲಿ ಬೇರೆ ಅರ್ಥವಿಲ್ಲ.’

ಎರಡನೆಯದು ಅವನಿಗೆ. ಕಳಿಸುವ ಮುಂಚೆ ಇಲ್ಲಿ ಒಂದು ಪ್ರತಿ ಮಾಡಿಕೊಳ್ಳುತ್ತಿದ್ದೇನೆ.

‘ತಮ್ಮನಿಗೆ ಅಕ್ಕನ ಆಶೀರ್ವಾದ.

ನಾನು ವಕೀಲರಿಗೆ ಬರೆದಿದ್ದೇನೆ. ಏನು ಬರೆದಿದ್ದೇನೆಂದು ಅವರೇ ನಿನಗೆ ಓದಿ ಹೇಳುತ್ತಾರೆ. ಕರಾರು ಮುರಿಯಬಹುದು. ಚಿಟ್ಟೆ ನನ್ನ ಮೇಲೆ ಸಿಟ್ಟಾಗುತ್ತಾಳೆ. ಅವಳು ಹಸಿದು ಬಂದರೆ ಊಟ ಹಾಕುತ್ತೇನೆ, ಆದರೆ ಬರೆದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಆ ಮಾತನ್ನು ಓದಿ ನೀನು ನಕ್ಕೆಯಂತೆ. ನಾನು ಬರೆದದ್ದು ಹೆಸರಲ್ಲ, ಉತ್ತರ ಎಂದು ನಿನಗೆ ತಿಳಿಯಿತು. ತಿಳಿಯದೆ ಹೇಳಿದ್ದರೆ ನಾನು ನಿನ್ನನ್ನು ಏನೂ ಕೇಳುತ್ತಿರಲಿಲ್ಲ. ನನ್ನ ಕಣ್ಣು ಚೆನ್ನಾಗಿದೆ.

ನಿನ್ನ ಭಾಷಣವನ್ನು ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ನಿನ್ನ ಹೆಸರಿಗೆ ಬಂದ ಅಭಿಮಾನಿಗಳ ಕಾಗದಕ್ಕೆ ನಾನು ಉತ್ತರ ಬರೆದೆ. ನಿನ್ನ ಹೆಂಡತಿಗೆ ಮದುವೆಗೆ ಮುಂಚೆ ಹೋದ ಕಾಗದಗಳನ್ನೂ ನಾನೇ ಬರೆದೆ. ಅಪ್ಪ ಹೋದಾಗ ನೀನು ಊರಿಂದ ನನಗೆ ಕಳಿಸಬೇಕಿದ್ದ ಎರಡು ಸಾಲು ಸಮಾಧಾನವನ್ನೂ, ಏನು ಬರೀಲಿ ಎಂದು ಫೋನಿನಲ್ಲಿ ನನ್ನನ್ನೇ ಕೇಳಿ ಬರೆದುಕೊಂಡೆ.

ಈ ಕಾಗದಕ್ಕೆ ನೀನೇ ಉತ್ತರ ಬರೆಯಬೇಕು. ಚಿಟ್ಟೆಯ ಕೈಯಲ್ಲಿ ಬರೆಸಬೇಡ, ಆಫೀಸಿನವರಿಂದ ಬರೆಸಬೇಡ. ತಿಳಿದೂ ಯಾಕೆ ಹಾಗೆ ಹೇಳಿದೆ, ಅದೊಂದನ್ನೇ ಬರೆ. ಅಕ್ಷರಕ್ಕೆ ತಲೆಯಿಲ್ಲದಿದ್ದರೆ ಇಲ್ಲದಿರಲಿ. ತಪ್ಪಿದ್ದರೆ ಇರಲಿ, ಈ ಸಲ ನಾನು ತಿದ್ದುವುದಿಲ್ಲ.

ಮಾತ್ರೆ ಹೊತ್ತಿಗೆ ಸರಿಯಾಗಿ ತಗೋ. ಬೇಗ ಬರೆ.’